ನಾಲ್ಕು ಸಾಲಿನ ಕಾರ್ಖಾನೆ

ಫೆಬ್ರುವರಿ 11

ಮಗನಿಗೆ,

ಆಶೀರ್ವಾದ ಆಮೇಲೆ. ಮೊದಲು ಕೇಳಿದ್ದಕ್ಕೆ ಉತ್ತರ ಕೊಡು.

ನಿನ್ನೆ ದೊಡ್ಡಕತ್ತರಿ ಫೋನು ಮಾಡಿದ್ದಳು. ಕಾಲು ಮುರಿದುಕೊಂಡು ನಿನ್ನ ಅಕ್ಕನ ಮನೆಗೆ ಬರುವಾಗ, ಬಟ್ಟೆ ಕತ್ತರಿಸುವ ಮೇಜನ್ನು ನಾನು ನಂಬಿ ಒಪ್ಪಿಸಿ ಬಂದದ್ದು ಅವಳೊಬ್ಬಳಿಗೆ. "ಅಕ್ಕಾ, ಕಾಲು ಹೇಗಿದೆ? ಎದ್ದು ಓಡಾಡ್ತಿದ್ದೀರಾ?" ಎಂದು ಕೇಳಿದಳು. ನಾನು ಕಾಲಿನ ವಿಚಾರ ಹೇಳಿದ್ದು ಅರ್ಧ ಮನಸ್ಸಿನಿಂದ. ಪೂರ್ತಿ ಮನಸ್ಸು ಅವಳ ಬೆನ್ನ ಹಿಂದೆ ಕೇಳಿಸುತ್ತಿದ್ದ ಯಂತ್ರಗಳ ಮೇಲಿತ್ತು.

ನಮ್ಮ ಕಾರ್ಖಾನೆಯ ಸದ್ದು ನನಗೆ ಗೊತ್ತು. ಮೊದಲ ಸಾಲಿನಲ್ಲಿ ಆಸ್ಪತ್ರೆಯ ಹಾಸುಬಟ್ಟೆ. ಅಂಚು ಮಡಚಿಕೊಂಡು ಒಂದೇ ಉಸಿರಿಗೆ ಉದ್ದಕ್ಕೆ ಓಡುತ್ತದೆ. ಎರಡನೆಯದರಲ್ಲಿ ಪರದೆ, ದಪ್ಪ ಸೂಜಿ, ಗಂಟಲು ಕಟ್ಟಿದವರ ಹಾಗೆ ಗೊರಗೊರ ಅನ್ನುತ್ತದೆ. ಮೂರನೆಯದರಲ್ಲಿ ಹೋಟೆಲಿನ ಕೆಲಸದವರ ಅಂಗಿ, ಏಪ್ರನ್ನು. ನಾಲ್ಕನೆಯದು ಬೀದಿ ಸಾಲು. ದಿಂಬಿನ ಚೀಲ, ಹರಿದ ಕೋಟು, ಯಾರದೋ ಸೋಫಾದ ಹೊದಿಕೆ. ಅದಕ್ಕೆ ತಾಳವೂ ಇಲ್ಲ, ಮೇಳವೂ ಇಲ್ಲ. ನಿನ್ನೆ ಕೇಳಿಸಿದ್ದು ಒಂದೇ ಸದ್ದು. ಪುಟ್ಟ ಹೊಲಿಗೆ, ನಿಲುಗಡೆ, ತಿರುವು, ಮತ್ತೆ ಪುಟ್ಟ ಹೊಲಿಗೆ. ಕಾಲರು. ನಾಲ್ಕೂ ಸಾಲಿನಲ್ಲಿ ಕಾಲರು.

"ಯಾರ ಕಾಲರೇ ಅದು?" ಎಂದೆ.

"ಅಯ್ಯೋ, ಯಾರೋ ಕರೀತಿದ್ದಾರೆ ಅಕ್ಕಾ, ಇಡ್ತೀನಿ" ಎಂದಳು. ಇಷ್ಟು ವರ್ಷ ಬಟ್ಟೆ ಕತ್ತರಿಸಿದವಳು ನನ್ನ ಮಾತು ಕತ್ತರಿಸಿದ್ದು ಇದೇ ಮೊದಲು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಆದ್ದರಿಂದ ಓಡಿಹೋದಳು. ಅವಳನ್ನು ಆ ಗತಿಗೆ ತಂದವನು ನೀನು.

ಫೋನಿನಲ್ಲಿ ನಿನ್ನನ್ನು ಕೇಳುವುದಿಲ್ಲ. ಫೋನಿನಲ್ಲಿ ನೀನು "ಹೂಂ ಅಮ್ಮ, ಸರಿ ಅಮ್ಮ, ಮಾತ್ರೆ ತಗೊಂಡ್ಯಾ ಅಮ್ಮ" ಎಂದು ಜಾರಿಕೊಳ್ಳುತ್ತೀ. ಕಾಗದದಲ್ಲಿ ಜಾರಲು ಜಾಗವಿಲ್ಲ. ಒಂದು ಸಾಲಿಗೆ ಒಬ್ಬ ಗಿರಾಕಿ. ಎಷ್ಟೇ ದೊಡ್ಡವನಾಗಲಿ, ಅವನಿಗೆ ಇನ್ನೊಂದು ಸಾಲಿಲ್ಲ. ಒಬ್ಬ ಎದ್ದು ಹೋದರೆ ಮೂರು ಸಾಲು ಊಟ ಹಾಕುತ್ತವೆ. ಇದು ನಿನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ. ಸಾಲುಗಳನ್ನು ಯಾರಿಗೆ ಕೊಟ್ಟೆ?

ನಿನ್ನ ತಾಯಿ

ಫೆಬ್ರುವರಿ 20

ಅಮ್ಮ,

ನಿನ್ನ ಕಿವಿಗೆ ದೊಡ್ಡ ನಮಸ್ಕಾರ. ಕಾಲು ಮುರಿದರೂ ಕಿವಿ ಮುರಿಯಲಿಲ್ಲವಲ್ಲ!

ಮುಚ್ಚಿಡುವಂಥದ್ದೇನೂ ಇಲ್ಲ, ನೀನು ಓಡಾಡುವಂತಾದ ಮೇಲೆ ಹೇಳೋಣ ಎಂದಿದ್ದೆ. ಸರ್ಕಾರಿ ಶಾಲೆಗಳ ಯೂನಿಫಾರಂ ಕೆಲಸ ಸಿಕ್ಕಿದೆ. ಗಿಳಿಹಸಿರು ಅಂಗಿ. ಮೊದಲ ಕಂತಿನ ಅಂಗಿಗಳನ್ನು ಕೊಟ್ಟೂ ಆಯಿತು, ಹಣವೂ ಬಂತು. ನಮ್ಮಂಥ ಸಣ್ಣ ಕಾರ್ಖಾನೆಗೆ ಇಂಥ ಕೆಲಸ ತಾನಾಗಿ ಬರುವುದಿಲ್ಲ. ಪಕ್ಷದ ಕಚೇರಿಯವರೊಬ್ಬರು ಓಡಾಡಿ ಕೊಡಿಸಿದರು. ಒಳ್ಳೆಯ ಮನುಷ್ಯ.

ಎರಡನೆಯ ಕಂತು ಮೊದಲಿನದಕ್ಕಿಂತ ಬಹಳ ದೊಡ್ಡದು. ಅದಕ್ಕೆ ಹೊಸ ಕಾಲರ್ ಯಂತ್ರಗಳು ಬೇಕು. ಬ್ಯಾಂಕಿನವರು ಸಾಲಕ್ಕೆ ಈಗ ಹೇಳುತ್ತಿರುವ ಬಡ್ಡಿದರ ಚುನಾವಣೆಯವರೆಗೆ ಮಾತ್ರವಂತೆ, ಆಮೇಲೆ ಏರುವುದು ಖಂಡಿತ ಎನ್ನುತ್ತಾರೆ. ಕಟ್ಟಡ ನಿನ್ನ ಹೆಸರಿನಲ್ಲಿದೆ. ಪತ್ರಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಮಾಡಿರುವ ಕಡೆ ಸಹಿ ಹಾಕಿ ಕಳಿಸು. ಬೇಗ.

ಮಾತ್ರೆ ತಗೋ.

ನಿನ್ನ ಮಗ

ಮಾರ್ಚ್ 3

ಮಗನಿಗೆ,

ಪತ್ರಗಳು ಹೇಗೆ ಬಂದವೋ ಹಾಗೇ ವಾಪಸು ಬರುತ್ತಿವೆ. ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿದ್ದೇನೆ.

ನಿನ್ನ ಆ "ಒಳ್ಳೆಯ ಮನುಷ್ಯ" ಯಾರೆಂದು ಬರೆಯದಿದ್ದರೂ ನನಗೆ ಗೊತ್ತು. ಪೆನ್ನಪ್ಪ. ಜೇಬಿನಲ್ಲಿ ಮೂರು ಪೆನ್ನು ಸಿಕ್ಕಿಸಿಕೊಂಡು ಬರುತ್ತಾನೆ, ಒಂದರಿಂದಲೂ ಸಹಿ ಇಳಿಯುವುದಿಲ್ಲ. ಹಿಂದಿನ ಸರ್ಕಾರ ಇದ್ದಾಗಲೂ ನಮ್ಮ ಬಾಗಿಲಿಗೆ ಬಂದಿದ್ದ. ಆಗ ಅವನ ಪೆನ್ನು ತಿಳಿನೀಲಿ, ಬಾವುಟ ತಿಳಿನೀಲಿ, ಮಕ್ಕಳ ಅಂಗಿಯೂ ತಿಳಿನೀಲಿ. "ಅಮ್ಮಾವ್ರೇ, ನಾಲ್ಕೂ ಸಾಲು ಕೊಟ್ಬಿಡಿ, ನಿಮ್ಮನ್ನ ಎಲ್ಲಿಗೋ ಕರ್ಕೊಂಡು ಹೋಗ್ತೀನಿ" ಎಂದ. "ನಾನು ಎಲ್ಲಿಗೂ ಹೋಗಬೇಕಾಗಿಲ್ಲ, ನೀವು ಹೋಗಬಹುದು" ಎಂದು ಬಾಗಿಲು ತೋರಿಸಿದ್ದೆ. ನನಗೆ ಬಾಗಿಲಿನಲ್ಲಿ ಸಿಗದವನು ನನ್ನ ಮಗನನ್ನು ಕಿಟಕಿಯಲ್ಲಿ ಹಿಡಿದ.

ಇಲ್ಲಿ ನನ್ನ ಕೆಲಸ ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುವುದು. ಮೂರು ಅಂತಸ್ತು, ಲಿಫ್ಟಿಲ್ಲ, ಇಳಿದರೆ ಹತ್ತಲಾರೆ. ಎದುರಿಗೆ ಸರ್ಕಾರಿ ಶಾಲೆಯ ಮೈದಾನ. ಬೆಳಗ್ಗೆ ಮಕ್ಕಳು ಸಾಲಾಗಿ ನಿಲ್ಲುತ್ತವೆ. ಮುಂದೆ ಚಿಕ್ಕವು, ಹೊಸ ಗಿಳಿಹಸಿರು. ಅವುಗಳ ಹಿಂದೆ ತಿಳಿನೀಲಿ, ಒಗೆದು ಒಗೆದು ಬಿಳಿಚಿದ್ದು. ತೀರ ಹಿಂದೆ ಬೂದು. ಅಣ್ಣಂದಿರದನ್ನು ಹಾಕಿಕೊಂಡು ಬಂದವು, ಮೊಣಕೈಯಲ್ಲಿ ತೇಪೆ. ಮೂರು ಸರ್ಕಾರಗಳು ಒಂದೇ ಮೈದಾನದಲ್ಲಿ ಕೈಕಟ್ಟಿಕೊಂಡು ನಿಂತಿರುವುದನ್ನು ನಾನು ದಿನಾ ನೋಡುತ್ತಿದ್ದೇನೆ. ಬಣ್ಣ ಆರಿಸಿದ ಮಹಾಶಯರೆಲ್ಲ ಎಲ್ಲಿದ್ದಾರೋ ಏನೋ. ಹೊಲಿದವನು ಎಲ್ಲಿದ್ದಾನೆ ಎಂದು ಯಾರೂ ಕೇಳುವುದೂ ಇಲ್ಲ.

ಸಾಲು ಕೆಡಿಸಿದ್ದು ಕೆಡಿಸಿದೆ. ಒಂದು ಮಾತನ್ನಾದರೂ ಇಟ್ಟುಕೋ. ಒಂದು ವಾರದಲ್ಲಿ ಎಷ್ಟು ಹೊಲಿಯಲಾಗುತ್ತದೋ ಅಷ್ಟನ್ನೇ ಕತ್ತರಿಸು. ಸುರುಳಿ ಸುತ್ತಿದ ಥಾನಿನಲ್ಲಿರುವವರೆಗೆ ಬಟ್ಟೆಯನ್ನು ಗಿರಣಿಗೆ ಹಿಂತಿರುಗಿಸಬಹುದು, ಇನ್ನೊಬ್ಬರಿಗೆ ಮಾರಬಹುದು, ಏನು ಬೇಕಾದರೂ ಮಾಡಬಹುದು. ಕತ್ತರಿ ಬಿದ್ದ ಮೇಲೆ ಅದು ಅಂಗಿಯ ತುಂಡು, ಅಷ್ಟೇ.

ನಿನ್ನ ತಾಯಿ,
ಕಟ್ಟಡ ಯಾರ ಹೆಸರಿನಲ್ಲಿದೆಯೋ ಅವಳು

ಮಾರ್ಚ್ 19

ಮಗನೆನ್ನಿಸಿಕೊಂಡವನಿಗೆ,

ಉತ್ತರ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿತ್ತು. ನಿನ್ನ ಬದಲು ದೊಡ್ಡಕತ್ತರಿಯ ಅಳು ಬಂತು.

ದಪ್ಪ ಸೂಜಿಯ ಯಂತ್ರಗಳನ್ನು ಮಾರಿಬಿಟ್ಟೆಯಂತೆ. ಎರಡನೆಯ ಸಾಲಿಗೆ ಸಾಲನ್ನೇ ಎತ್ತಿ ಲಾರಿಗೆ ಹಾಕಿಸಿದೆಯಂತೆ. ಆ ಹಣಕ್ಕೆ ಎರಡನೆಯ ಕಂತಿನ ಹಸಿರು ಬಟ್ಟೆ ತರಿಸಿದೆಯಂತೆ. "ಅಮ್ಮಾವ್ರು ಸಹಿ ಹಾಕಲಿಲ್ಲ, ಇನ್ನೇನು ಮಾಡಲಿ" ಎಂದೆಯಂತೆ. ಅಂದರೆ ಅದೂ ನನ್ನ ತಲೆಗೇ! ಸಹಿ ಕೊಡದವಳು ನಾನು, ಲಾರಿ ತಂದವನು ನೀನು, ತಪ್ಪು ಮಾತ್ರ ಮೂರು ಅಂತಸ್ತಿನ ಮೇಲೆ ಕಾಲು ಚಾಚಿ ಕೂತಿರುವವಳದು.

ಆ ಯಂತ್ರಗಳು ನಿನಗಿಂತ ದೊಡ್ಡವು. ನಿಮ್ಮಪ್ಪ ತೀರಿಕೊಂಡ ವರ್ಷ ನಾನು ಒಂದೊಂದನ್ನೇ ಹಳೆ ಸಾಮಾನಿನ ಅಂಗಡಿಯಿಂದ ತಂದು, ಬಿಚ್ಚಿ, ಎಣ್ಣೆ ಹಾಕಿ, ಹುಷಾರು ಮಾಡಿದ್ದು. ಎಡಗಡೆಯ ತುದಿಯದಕ್ಕೆ ಚಳಿಯಾದರೆ ಹೊಲಿಗೆ ತಪ್ಪುತ್ತಿತ್ತು, ಬಲ್ಬು ಹತ್ತಿರ ಇಟ್ಟು ಬೆಚ್ಚಗೆ ಮಾಡಬೇಕಾಗಿತ್ತು. ಕೊಂಡವನಿಗೆ ಅದನ್ನಾದರೂ ಹೇಳಿದೆಯೋ, ಅದನ್ನೂ ಮುಚ್ಚಿಟ್ಟೆಯೋ?

ಇನ್ನು ನನ್ನ ಮೊಣಕಾಲಿನ ಆರೋಗ್ಯ ವಿಚಾರಿಸಬೇಡ.

ಕಾರ್ಖಾನೆಯ ಒಡತಿ

ಏಪ್ರಿಲ್ 2

ಅಮ್ಮ,

ಬೈದಾಯಿತಲ್ಲ, ಈಗ ನನ್ನದನ್ನೂ ಓದು. ಅಕ್ಕನ ಕೈಯಲ್ಲಿ ಓದಿಸಬೇಡ, ನೀನೇ ಓದು.

ನಿನ್ನ ನಾಲ್ಕು ಸಾಲುಗಳನ್ನು ನಾನು ಕೆಡಿಸಲಿಲ್ಲ. ನೀನು ಕಾಲು ಮುರಿದುಕೊಳ್ಳುವ ಮೊದಲೇ ಅವು ಕೆಟ್ಟಿದ್ದವು. ಹೊರದೇಶದ ಸಿದ್ಧ ಪರದೆಗಳ ಮೇಲಿನ ಸುಂಕವನ್ನು ಸರ್ಕಾರ ತೆಗೆದ ತಿಂಗಳೇ ಪರದೆ ಅಂಗಡಿಯವರು ಕೆಲಸ ನಿಲ್ಲಿಸಿದರು. ನಿನ್ನ ದಪ್ಪ ಸೂಜಿಯ ಸಾಲಿನ ಹೆಂಗಸರು ಆರು ವಾರ ಸುಮ್ಮನೆ ಕೂತಿದ್ದರು. ನೀನು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದ ಕೂಡಲೇ ಹಳೆಯ ಪರದೆಯನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು! ನಿನ್ನ ಕಿವಿಗೆ ಬೇಕಾದ ಸದ್ದು ಬರಲಿ ಎಂದು. ಹಾಗೆ ಮಾಡಿ ಎಂದು ಹೇಳಿದವನು ನಾನು.

ಹೋಟೆಲಿನವರ ಕಥೆ ಇನ್ನೂ ಚೆನ್ನಾಗಿದೆ. ಎಲ್ಲದರ ಬೆಲೆ ಏರಿತು, ಹೊರಗೆ ತಿನ್ನುವವರು ಕಡಿಮೆಯಾದರು, ಅವರು ಅರ್ಧ ಕೆಲಸದವರನ್ನು ಕಳಿಸಿದರು. ಇಲ್ಲದ ಜನರಿಗೆ ಏಪ್ರನ್ನು ಯಾಕೆ? ಉಳಿದದ್ದು ಆಸ್ಪತ್ರೆ ಮತ್ತು ಬೀದಿ. ಆಸ್ಪತ್ರೆಯವರು ಕೊಡುವ ಹಣ ತಡ, ಬೀದಿಯವರು ಕೊಡುವುದು ಚಿಲ್ಲರೆ.

ಆ ಹೊತ್ತಿನಲ್ಲಿ ಒಬ್ಬ ಮನುಷ್ಯ ಬಂದು, ಎಲ್ಲ ಯಂತ್ರಕ್ಕೂ ವರ್ಷವಿಡೀ ಕೆಲಸ ಕೊಡುತ್ತೇನೆ ಎಂದ. ನೀನಾಗಿದ್ದರೆ ಬಾಗಿಲು ತೋರಿಸುತ್ತಿದ್ದೆ. ತೋರಿಸಿ, ಒಳಗೆ ಬಂದು ಯಾರ ಮುಖ ನೋಡುತ್ತಿದ್ದೆ? ಒಬ್ಬ ಹೆಂಗಸನ್ನೂ ನಾನು ಕೆಲಸದಿಂದ ತೆಗೆಯಲಿಲ್ಲ ಅಮ್ಮ. ಒಬ್ಬಳನ್ನೂ.

ಹೌದು, ಆಸ್ಪತ್ರೆಯ ಸಾಲನ್ನೂ ಯೂನಿಫಾರಂಗೆ ಕೊಟ್ಟೆ. ಅದು ನನ್ನ ತಪ್ಪಿರಬಹುದು. ಉಳಿದದ್ದು ಯಾರ ತಪ್ಪೆಂದು ನನಗೆ ಗೊತ್ತಿಲ್ಲ. ನಿನ್ನ ನಾಲ್ಕು ಸಾಲು ನಮ್ಮನ್ನು ಬೀಳಲು ಬಿಡಲಿಲ್ಲ, ನಿಜ. ಏಳುವುದಕ್ಕೂ ಬಿಡಲಿಲ್ಲ.

ಕಾರ್ಖಾನೆ ನೋಡಿಕೊಳ್ಳುತ್ತಿರುವವನು

ಏಪ್ರಿಲ್ 15

ಮಗನಿಗೆ,

ನಿನ್ನ ಕಾಗದ ಓದಿ ಆದ ಮೇಲೆ ಪರದೆ ಅಂಗಡಿಯವರಿಗೆ ಫೋನು ಮಾಡಿದೆ. ಇಪ್ಪತ್ತು ವರ್ಷದ ಗಿರಾಕಿ. ಎತ್ತಿದವರೇ "ಓಹೋ ಅಮ್ಮಾ, ಕಾಲು..." ಎಂದು ಶುರುಮಾಡಿದರು.

"ಕಾಲು ಬಿಡಿ. ನಾನಿನ್ನೂ ನಡೆದಾಡುತ್ತಿದ್ದಾಗಲೇ ನನ್ನ ಮಗನಿಗೆ ಕೈ ಕೊಟ್ರಂತೆ?"

"ಬೈಯಿರಿ ಅಮ್ಮಾ, ಬೇಡ ಅನ್ನಲ್ಲ. ಆದ್ರೆ ಒಂದ್ಸಲ ಅಂಗಡಿಗೆ ಬಂದು ಬೆಲೆ ನೋಡಿ, ಆಮೇಲೆ ಬೈಯಿರಿ. ಹಡಗಲ್ಲಿ ಬರೋ ರೆಡಿ ಪರದೆ ನಿಮ್ಮ ಹೊಲಿಗೆ ಕೂಲಿಗಿಂತ ಅಗ್ಗ. ನಾನೇನು ಅಂಗಡಿ ಇಟ್ಟಿದೀನಾ, ಧರ್ಮಛತ್ರ ಇಟ್ಟಿದೀನಾ?"

"ಇಪ್ಪತ್ತು ವರ್ಷ ನನ್ನ ಮನೇಲಿ ಕಾಫಿ ಕುಡಿದಿದೀರಲ್ಲ, ಆವಾಗ ಬಾಯಿ ಇತ್ತಲ್ಲ? ಇದನ್ನ ನನಗೇ ಯಾಕೆ ಹೇಳಲಿಲ್ಲ?"

"ನಿಮಗೆ ಹೇಳೋ ಧೈರ್ಯ ಯಾರಿಗಿದೆ ಅಮ್ಮಾ?"

ಫೋನು ಇಟ್ಟೆ. ಈ ಕೊನೆಯ ಮಾತನ್ನು ನಿನಗೆ ಬರೆಯಬಾರದೆಂದಿದ್ದೆ. ಬರೆದಾಯಿತು, ಹೊಡೆದುಹಾಕುವುದಿಲ್ಲ.

ಇದರಿಂದ ನನ್ನ ಕೋಪ ಇಳಿಯಿತೆಂದು ತಿಳಿಯಬೇಡ, ಎರಡರಷ್ಟಾಗಿದೆ. ಮೊದಲು ನೀನು ಮೂರ್ಖ ಎಂಬ ಕೋಪವಿತ್ತು. ಈಗ, ನೀವೆಲ್ಲ ಸೇರಿ ನನ್ನನ್ನು ಮೂರ್ಖಳನ್ನಾಗಿ ಮಾಡಿದಿರಿ ಎಂಬ ಕೋಪ. ಹೊಲಿದ ಪರದೆಯನ್ನು ಬಿಚ್ಚಿ ಮತ್ತೆ ಹೊಲಿದರಂತೆ! ನಾನೇನು ಹಾಡು ಕೇಳಿಸಿ ಮಲಗಿಸಬೇಕಾದ ಮಗುವೇ? ಅಂಗಡಿಯವರು ಹೋದ ದಿನವೇ ಬಂದು "ಅಮ್ಮ, ಒಂದು ಸಾಲು ಬಿತ್ತು" ಎಂದಿದ್ದರೆ, ಬೈದು, ಕೂಗಾಡಿ, ಸಂಜೆಯೊಳಗೆ ಏನಾದರೂ ಯೋಚಿಸುತ್ತಿದ್ದೆ. ಬೈಗುಳಕ್ಕೆ ಹೆದರಿ ಕಾರ್ಖಾನೆಯನ್ನೇ ಪಣಕ್ಕೆ ಇಟ್ಟೆಯಲ್ಲೋ.

ಇಲ್ಲಿ ಇನ್ನೊಂದು ನಾಟಕ. ಅಳಿಯಂದಿರು ಷೇರಿನಲ್ಲಿ ಹಣ ಹಾಕಿದ್ದಾರೆ. ತಿನ್ನುವಾಗ ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಫೋನಿನ ಮೇಲೆ. "ಅತ್ತೆ, ಈ ಸರ್ಕಾರ ಮತ್ತೆ ಬಂದರೆ ಸಿಮೆಂಟು ಎರಡು ಪಟ್ಟು, ರಸ್ತೆ ಕಂಪನಿ ಮೂರು ಪಟ್ಟು" ಎನ್ನುತ್ತಾರೆ. "ಬರದಿದ್ದರೆ?" ಎಂದೆ. ಆ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ ಎನ್ನುವಂತೆ ನನ್ನ ಮುಖ ನೋಡಿದರು. ಅಳಿಯಂದಿರೆಂದು ಸುಮ್ಮನಾದೆ. ನಿನ್ನ ವಿಷಯದಲ್ಲಿ ನನಗೆ ಆ ಮರ್ಯಾದೆಯಿಲ್ಲ, ಕೇಳುತ್ತೇನೆ: ಬರದಿದ್ದರೆ?

ಎರಡನೆಯ ಕಂತಿಗೆ ಸಹಿಯಾದ ಪತ್ರ ನಿನ್ನ ಕೈಯಲ್ಲಿದೆಯೇ? ಇಲ್ಲದಿದ್ದರೆ ಕತ್ತರಿ ಮುಟ್ಟಬೇಡ. ಉಳಿದ ಎಲ್ಲದರಲ್ಲೂ ನಿನ್ನ ಮಾತು ಸರಿಯಿರಲಿ, ಈ ಒಂದರಲ್ಲಿ ನನ್ನ ಮಾತು ಕೇಳು. ಕತ್ತರಿ ಮುಟ್ಟಬೇಡ.

ನಿನ್ನ ತಾಯಿ

ಮೇ 24

ಮಗನಿಗೆ,

ಬೆಳಗ್ಗೆಯಿಂದ ಟಿವಿ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಅಳಿಯಂದಿರು ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು ಸ್ನಾನಕ್ಕೆ ಹೋದರು, ದಿನದ ಎರಡನೆಯ ಸ್ನಾನ. ನಿನ್ನ ಅಕ್ಕ ಮೆಲ್ಲನೆ ಫೋನು ತಿರುಗಿಸಿ ನೋಡಿ, "ಅಮ್ಮ, ಷೇರೆಲ್ಲ ಬಿದ್ದು ಪೂರ್ತಿ ಕೆಂಪು" ಎಂದಳು.

ಸರ್ಕಾರ ಹೋಯಿತು. ಹೊಸಬರ ಬಾವುಟ ಇಟ್ಟಿಗೆ ಬಣ್ಣ. ರಸ್ತೆಯಲ್ಲಿ ಕುಣಿಯುತ್ತಿದ್ದಾರೆ. ಶಾಲೆಯ ಕಾವಲುಗಾರ ಗೇಟಿನ ಹಸಿರು ಬ್ಯಾನರನ್ನು ಕಿತ್ತುಹಾಕಲು ಸಂಜೆಯಾಗುವವರೆಗೂ ಕಾಯಲಿಲ್ಲ.

ಕತ್ತರಿಸಿಲ್ಲ ಎಂದು ಬರೆ. ಅಷ್ಟು ಸಾಕು. ಕ್ಷೇಮಸಮಾಚಾರ ಬೇಡ.

ನಿನ್ನ ತಾಯಿ

ಮೇ 30

ಅಮ್ಮ,

ಕತ್ತರಿಸಿದ್ದೇನೆ. ಎಲ್ಲವನ್ನೂ.

"ಕತ್ತರಿಸಿ ಇಟ್ಟುಬಿಡಿ ಸಾರ್, ಕತ್ತರಿಸಿದ ಮಾಲನ್ನ ಯಾವ ಸರ್ಕಾರವೂ ಬೇಡ ಅನ್ನೋಕಾಗಲ್ಲ, ಫಲಿತಾಂಶದ ಮರುದಿನ ಸಹಿ" ಎಂದಿದ್ದ ಪೆನ್ನಪ್ಪ. ದೊಡ್ಡಕತ್ತರಿ ಎರಡು ದಿನ ಮೇಜಿನ ಹತ್ತಿರ ಬರಲೇ ಇಲ್ಲ. ನಾನೇ ಕತ್ತರಿ ಹಿಡಿದೆ. ನಾನು ಕೆಡಿಸುವುದನ್ನು ನೋಡಲಾರದೆ ಬಂದು ಕೈಯಿಂದ ಕಿತ್ತುಕೊಂಡಳು. ಅಳುತ್ತಾ ಕತ್ತರಿಸಿದಳು. ಒಂದು ತುಂಡೂ ಓರೆಯಾಗಿಲ್ಲ.

ನಿನ್ನ ಮಗ

ಜೂನ್ 20

ಅಮ್ಮ,

ಮೂರು ವಾರವಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಅಕ್ಕನಿಗೆ ಫೋನು ಮಾಡಿದರೆ "ಅಮ್ಮ ಬಾಲ್ಕನಿಯಲ್ಲಿದ್ದಾಳೆ, ಮಾತಾಡಲ್ಲವಂತೆ" ಎನ್ನುತ್ತಾಳೆ. ಬೈದಾದರೂ ಬರೆ. ನೀನು ಬೈಯದೆ ಇರುವುದನ್ನು ನಾನು ಯಾವತ್ತೂ ನೋಡಿಲ್ಲ, ಅದನ್ನು ಹೇಗೆ ತಡೆದುಕೊಳ್ಳಬೇಕೋ ಗೊತ್ತಾಗುತ್ತಿಲ್ಲ.

ಇಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಯ ಉದ್ದಕ್ಕೂ ಕಟ್ಟುಗಳು: ಬೆನ್ನು, ಎದೆ, ತೋಳು, ಕಾಲರು. ಹೊಸ ಸರ್ಕಾರ ಹಸಿರು ಅಂಗಿ ರದ್ದು ಮಾಡಿದೆ. ಗಿರಣಿಯವರು ಥಾನಾದರೆ ತಗೊಳ್ಳುತ್ತಿದ್ದೆವು, ತುಂಡು ಬೇಡ ಎಂದರು. ನೀನು ಬರೆದದ್ದೇ ಮಾತು. ಬ್ಯಾಂಕಿನ ಬಡ್ಡಿಯೂ ಏರಿತು, ಹೇಳಿದಂತೆ ನಡೆದುಕೊಂಡವರು ಅವರೊಬ್ಬರೇ. ಹೆಂಗಸರಿಗೆ ಈ ತಿಂಗಳ ಸಂಬಳ ಕೊಟ್ಟಿಲ್ಲ. ಆದರೂ ಬಂದು ಕೂರುತ್ತಾರೆ.

ಮೊನ್ನೆ ಪೆನ್ನಪ್ಪ ಬಂದ. ನಗಬೇಡ ಅಮ್ಮ, ಮೂರೂ ಪೆನ್ನು ಇಟ್ಟಿಗೆ ಬಣ್ಣ. "ಸಾರ್, ರಾಜಕೀಯ ಬೇರೆ, ಸ್ನೇಹ ಬೇರೆ" ಎಂದು ಅಪ್ಪಿಕೊಂಡ. ನಾನು ಕೈ ಎತ್ತಿದ್ದೆ. ದೊಡ್ಡಕತ್ತರಿ ನಡುವೆ ಬಂದು "ಕೂತ್ಕೊಳ್ಳಿ, ನೀರು ಕುಡೀರಿ, ಹೇಳಿ" ಎಂದಳು.

ಹೇಳಿದ್ದು ಇಷ್ಟು: ಹೊಸ ಯೂನಿಫಾರಂ ಕೆಲಸ ನಮಗೇ ಕೊಡಿಸುತ್ತಾನಂತೆ, ನಾಲ್ಕೂ ಸಾಲಿಗೆ. ಹಸಿರು ತುಂಡುಗಳಿಗೆ ಬಣ್ಣ ಹಾಕಿಸಿದರೆ ಅರ್ಧ ಬೆಲೆಗೆ ಅವನ್ನೂ ಸೇರಿಸಿಕೊಳ್ಳುತ್ತಾರಂತೆ. ಬಾಗಿಲಿನ ಎದುರು ಗೋಡೆಗೆ ಅವರ ನಾಯಕರ ಫೋಟೋ ಹಾಕಬೇಕಂತೆ, ಅಪ್ಪನ ಫೋಟೋ ಇರುವ ಜಾಗಕ್ಕೆ. ತಿಂಗಳ ಕೊನೆಯೊಳಗೆ ಹೇಳಬೇಕಂತೆ.

ಓಡಿಸಿಬಿಡಬೇಕು ಅನ್ನಿಸುತ್ತದೆ. ಓಡಿಸಿದರೆ ಹೆಂಗಸರಿಗೆ ಸಂಬಳ ಎಲ್ಲಿಂದ ತರಲಿ? ಹೂಂ ಅಂದರೆ ಇನ್ನೊಂದು ಚುನಾವಣೆ ಬರುತ್ತದೆ. ನೀನು ಹೇಳಿದ ಹಾಗೆ ಮಾಡುತ್ತೇನೆ. ಈ ಸಲ ನಿಜವಾಗಿ.

ನಿನ್ನ ಮಗ

ಜೂನ್ 26

ಮಗನಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಬರಬಾರದ ಮಾತು ಬರುತ್ತಿತ್ತು, ನೀನು ಆ ಕಾಗದವನ್ನು ಮಡಚಿ ಜೀವಮಾನವಿಡೀ ಇಟ್ಟುಕೊಳ್ಳುತ್ತಿದ್ದೆ. ನಿನ್ನ ಬುದ್ಧಿ ನನಗೆ ಗೊತ್ತು, ನನ್ನಿಂದಲೇ ಬಂದದ್ದು.

ಕೋಪ ಇದೆ. ಅದು ಅಲ್ಲೇ ಇರಲಿ, ಕೆಲಸ ನೋಡೋಣ.

ಪೆನ್ನಪ್ಪನನ್ನು ಓಡಿಸಬೇಡ. ಓದಿದ್ದು ಸರಿಯಾಗಿದೆ, ಮತ್ತೊಮ್ಮೆ ಓದು. ಅವತ್ತು ನಾನು ಬಾಗಿಲು ತೋರಿಸಿದ್ದು ನಾಲ್ಕೂ ಸಾಲು ಕೇಳಿದ ಅವನ ದುರಾಸೆಗೆ, ಸರ್ಕಾರಕ್ಕಲ್ಲ. ಸರ್ಕಾರವೂ ಒಬ್ಬ ಗಿರಾಕಿ. ಅಂಗಿ ಹಾಕಿಕೊಳ್ಳುವವು ಮಕ್ಕಳು. ಅವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಕರೆದು ಕೂರಿಸಿ ಹೇಳು: ಮೂರನೆಯ ಸಾಲು ನಿಮ್ಮದು, ಅದೊಂದೇ. ಬಟ್ಟೆ ನೀವು ತರಬೇಕು. ಸಹಿಯಾದ ಪತ್ರ ಮೇಜಿನ ಮೇಲೆ ಬಿದ್ದ ಮೇಲೆ ಕತ್ತರಿ, ಅದೂ ವಾರವಾರಕ್ಕೆ. ಒಪ್ಪಿದರೆ ಒಪ್ಪಲಿ, ಬಿಟ್ಟರೆ ಬಿಡಲಿ. ಫೋಟೋ ವಿಷಯಕ್ಕೆ ಬಂದರೆ, ಆ ಗೋಡೆಯಲ್ಲಿ ಇರುವುದು ಒಂದೇ ಮೊಳೆ, ಅದು ಖಾಲಿಯಿಲ್ಲ ಎನ್ನು. ನಿಮ್ಮಪ್ಪ ಯಾವ ಚುನಾವಣೆಯಲ್ಲೂ ಸೋತಿಲ್ಲ.

ಆಸ್ಪತ್ರೆಯ ಉಗ್ರಾಣದವರಿಗೆ ನಾನೇ ಫೋನು ಮಾಡಿದೆ. ಸೊಕ್ಕಿನಿಂದ ಮಾಡಲಿಲ್ಲ. ಮಗ ತಪ್ಪು ಮಾಡಿದ, ಹಾಸುಬಟ್ಟೆ ಕೊಡಿ ಎಂದು ಕೇಳಿದೆ. ಅರ್ಧದಷ್ಟು ಕೊಡುತ್ತಾರಂತೆ, ಉಳಿದರ್ಧ ನಮ್ಮ ನಡತೆ ನೋಡಿ. ಮೊದಲ ಸಾಲು ಅವರದು. ಹಣ ತಡವಾಗಿ ಬಂದರೂ ಬರುತ್ತದೆ. ಯಾವ ಸರ್ಕಾರ ಬಂದರೂ ಜನ ಮಲಗುವುದನ್ನು ಬಿಡುವುದಿಲ್ಲ.

ಇನ್ನು ನಿನ್ನ ಹಸಿರು ಗುಡ್ಡ. ಅದಕ್ಕೆ ಬಣ್ಣ ಹಾಕಿಸಬೇಡ. ಸಂಜೆ ಶಾಲೆ ಬಿಟ್ಟ ಮೇಲೆ ಈ ಕೆಳಗಿನ ರಸ್ತೆಯಲ್ಲಿ ಮಕ್ಕಳು ಆಡುವುದನ್ನು ನಾನು ನಾಲ್ಕು ತಿಂಗಳಿಂದ ನೋಡಿದ್ದೇನೆ. ಅರ್ಧದಷ್ಟು ಮಕ್ಕಳ ಮೈಮೇಲೆ ಹಳೆಯ ಯೂನಿಫಾರಂ ಅಂಗಿಯೇ. ತಾಯಂದಿರು ಜೇಬಿನ ಗುರುತು ಬಿಚ್ಚಿ, ಸವೆದ ಕಾಲರು ಕತ್ತರಿಸಿ, ಮನೆಯಲ್ಲಿ ಹಾಕುವ ಅಂಗಿ ಮಾಡಿಕೊಂಡಿದ್ದಾರೆ. ಅವರು ಆಮೇಲೆ ಬಿಚ್ಚುವಂಥದ್ದನ್ನು ನೀನು ಮೊದಲೇ ಹೊಲಿಯದೆ ಬಿಡು. ಕಾಲರು ಬೇಡ, ಜೇಬು ಬೇಡ, ಕುತ್ತಿಗೆಗೆ ಒಂದು ಪಟ್ಟಿ. ಆಗ ಅದು ಯಾವ ಸರ್ಕಾರದ್ದೂ ಅಲ್ಲ, ಒಂದು ಮಗುವಿನ ಅಂಗಿ. ಬೀದಿ ಸಾಲಿನಲ್ಲಿ ಹೊಲಿಸು, ಬೀದಿಯಲ್ಲೇ ಮಾರು. ಲಾಭ ಬರುವುದಿಲ್ಲ. ಹಾಕಿದ್ದು ಪೂರ್ತಿ ಬರುವುದೂ ಇಲ್ಲ. ನಷ್ಟ ನಷ್ಟವೇ, ಅದನ್ನು ಸಿಹಿ ಮಾಡಿ ಬರೆಯಲು ನನಗೆ ಬರುವುದಿಲ್ಲ. ಕಾಲರಿನ ತುಂಡುಗಳು ಉಳಿಯುತ್ತವೆ. ಎಸೆಯಬೇಡ, ಕಟ್ಟಿ ನಿನ್ನ ಮೇಜಿನ ಪಕ್ಕದಲ್ಲಿ ಇಟ್ಟುಕೋ. ಪೆನ್ನಪ್ಪ ಬಂದಾಗಲೆಲ್ಲ ಅದರ ಮೇಲೆ ಕೂರಿಸು.

ಎರಡನೆಯ ಸಾಲು. ಪರದೆ ಇನ್ನು ವಾಪಸು ಬರುವುದಿಲ್ಲ. ಯಂತ್ರಗಳೂ ಇಲ್ಲ. ಅಲ್ಲಿ ಏನು ಹೊಲಿಯಬೇಕು, ಯಾರಿಗೆ ಹೊಲಿಯಬೇಕು, ಹಡಗಿನಲ್ಲಿ ಬರಲಾರದಂಥದ್ದು ಏನಿದೆ, ನನಗೆ ಗೊತ್ತಿಲ್ಲ. ನನಗೆ ಗೊತ್ತಿಲ್ಲ ಎಂದು ನಾನು ಬರೆದಿದ್ದೇನೆ, ನೋಡಿಕೋ. ಅದು ನಿನ್ನ ಸಾಲು. ನೀನೇ ಹುಡುಕು. ನಿನ್ನ ಎಲ್ಲ ಆಸೆ, ಧೈರ್ಯ, ಏಳಬೇಕೆನ್ನುವ ಹಟ ಆ ಒಂದು ಸಾಲಿನೊಳಗೆ ಇರಲಿ. ಅದು ಬಿದ್ದರೆ ಮೂರು ಹಿಡಿದುಕೊಳ್ಳುತ್ತವೆ. ಅದು ಎದ್ದರೆ ಹೇಗೆ ಎದ್ದಿತು ಎಂದು ನನಗೂ ಹೇಳಿಕೊಡು. ಬೈಯುತ್ತಾ ಕೇಳಿಸಿಕೊಳ್ಳುತ್ತೇನೆ, ಆದರೆ ಕೇಳಿಸಿಕೊಳ್ಳುತ್ತೇನೆ.

ಬ್ಯಾಂಕಿನ ಪತ್ರಗಳನ್ನು ಅಳಿಯಂದಿರ ಕೈಯಲ್ಲಿ ಹೊಸದಾಗಿ ತರಿಸಿದೆ. ಇದರೊಂದಿಗೆ ಇವೆ, ಸಹಿ ಹಾಕಿದ್ದೇನೆ. ನೀನು ಆಗ ಕೇಳಿದಷ್ಟಕ್ಕಲ್ಲ. ಹೆಂಗಸರ ನಿಂತ ಸಂಬಳಕ್ಕೂ ಒಂದು ಸಾಲಿನ ಯಂತ್ರಕ್ಕೂ ಎಷ್ಟು ಬೇಕೋ ಅಷ್ಟಕ್ಕೆ. ಬಡ್ಡಿ ಹೆಚ್ಚು. ಮಾರ್ಚಿನಲ್ಲೇ ಹಾಕಿದ್ದರೆ ಕಡಿಮೆಯಿತ್ತು ಎಂದು ನೀನು ಮನಸ್ಸಿನಲ್ಲಿ ಅಂದುಕೊಳ್ಳುತ್ತೀ. ಅಂದುಕೋ, ಬಾಯಿಬಿಟ್ಟು ಹೇಳಬೇಡ. ಸಂಬಳ ಮೊದಲು, ಯಂತ್ರ ಆಮೇಲೆ. ದೊಡ್ಡಕತ್ತರಿಗೆ ಎಲ್ಲರಿಗಿಂತ ಮೊದಲು ಕೊಡು. ಕತ್ತರಿಸಿದ್ದು ತಪ್ಪು, ಓರೆಯಾಗದಂತೆ ಕತ್ತರಿಸಿದ್ದು ಅವಳ ಗುಣ ಎಂದು ನನ್ನ ಮಾತಾಗಿ ಹೇಳು.

ಮೂರು ಅಂತಸ್ತು ಇಳಿಯಲು ಡಾಕ್ಟರು ಇನ್ನೂ ಬಿಡುತ್ತಿಲ್ಲ. ಅದಕ್ಕೆ ಬರುವ ತಿಂಗಳು ಮೊದಲ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಫೋನು ಮಾಡುತ್ತೇನೆ. ನೀನು ಮಾತಾಡಬೇಡ. ಹಲೋ ಅನ್ನಬೇಡ, ಕಾಲು ಹೇಗಿದೆ ಅನ್ನಬೇಡ. ಫೋನನ್ನು ಕತ್ತರಿಸುವ ಮೇಜಿನ ಮೇಲೆ ಇಟ್ಟು ಆಚೆ ಹೋಗು. ಹೆಂಗಸರಿಗೆ ಏನೂ ಹೇಳಬೇಡ. ನನಗಾಗಿ ಯಾರೂ ಏನನ್ನೂ ಬಿಚ್ಚಿ ಹೊಲಿಯುವುದು ಬೇಡ.

ನನಗೆ ಮೂರು ಸದ್ದು ಬೇರೆಬೇರೆಯಾಗಿ ಕೇಳಬೇಕು, ಅವುಗಳ ನಡುವೆ ಒಂದು ಸಾಲಿನಷ್ಟು ಖಾಲಿ ಜಾಗ. ಖಾಲಿ ಜಾಗವನ್ನು ತುಂಬಿದಂತೆ ನಟಿಸದಿದ್ದರೆ ಅದೂ ನನ್ನ ಕಿವಿಗೆ ಕೇಳಿಸುತ್ತದೆ.

ಕೇಳಿಸಿದರೆ, ಫೆಬ್ರುವರಿಯಿಂದ ನಿಲ್ಲಿಸಿಟ್ಟ ಆಶೀರ್ವಾದ ನಿನ್ನದು.

ಅಮ್ಮ